ಸೊಪ್ಪಿನಬೆಟ್ಟದ ಸರದಿ ಮತ್ತು ಮಳೆಮಾಪಕದ ಬಾಳಿಕೆ

ಗುಡ್ಡ ಜರಿಯುವ ಭೀತಿಯುಳ್ಳ ಊರುಗಳಿಗೆ ಮಳೆಯ ಲೆಕ್ಕವು ಪ್ರಾಣದ ಲೆಕ್ಕವೇ ಆಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುವಂತೆ ರೂಪುಗೊಂಡಿವೆ. ಅದೇ ವೇಗದಲ್ಲಿ ಅಂಕಿಗಳನ್ನು ತನ್ನೊಳಗೇ ಬರೆದಿಡುವ ಪುಟ್ಟ ಯಂತ್ರವೊಂದನ್ನು ಕಲ್ಪಿಸಿಕೊಳ್ಳಬಹುದು. ಅದರ ಆಯುಷ್ಯ ಬಹುಮಟ್ಟಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ಕುಳಿತು ತಂತ್ರಾಂಶ ಬರೆಯುವವರ ಕೈಯಲ್ಲಿದೆ.

ಇಂತಹ ಯಂತ್ರಗಳ ನೆನಪು ಫ್ಲಾಶ್ ಚಿಪ್‌ನಲ್ಲಿರುತ್ತದೆ. ವಿದ್ಯುತ್ ಹೋದರೂ ಬರೆದದ್ದು ಅಳಿಯದು. ಆದರೆ ಬರೆದ ಜಾಗದಲ್ಲಿ ಮತ್ತೆ ಬರೆಯಬೇಕಾದರೆ ಇಡೀ ಬ್ಲಾಕನ್ನೇ ಅಳಿಸಬೇಕು. ಪ್ರತಿ ಸಲವೂ ಅದರ ಕೋಶಗಳ ತೆಳು ನಿರೋಧಕ ಪದರ ಸವೆಯುತ್ತದೆ. ಚಿಪ್‌ನ ಬಗೆಗೆ ತಕ್ಕಂತೆ ಒಂದು ಬ್ಲಾಕ್ ಸುಮಾರು ಸಾವಿರದಿಂದ ಲಕ್ಷ ಸಲ ಅಳಿಸುವುದನ್ನು ತಾಳುತ್ತದೆ. ಹತ್ತು ಸಾವಿರವೆಂದೇ ಹಿಡಿದರೆ, ದಿನಕ್ಕೆ 96 ಬಾರಿ ಒಂದೇ ಬ್ಲಾಕನ್ನು ಅಳಿಸಿ ಬರೆಯುವ ಯಂತ್ರವು 104 ದಿನಗಳಲ್ಲಿ ಆ ಮಿತಿ ಮುಟ್ಟುತ್ತದೆ. ಜೂನ್ ಮೊದಲ ವಾರ ನಿಲ್ಲಿಸಿದ್ದು ಸೆಪ್ಟೆಂಬರ್ ಮಧ್ಯಕ್ಕೆ ನಂಬಲಾಗದ್ದಾಗುತ್ತದೆ. ಅದೇ ಕೆಲಸವನ್ನು ನೂರು ಬ್ಲಾಕುಗಳಿಗೆ ಸಮನಾಗಿ ಹಂಚಿದರೆ 28 ವರ್ಷ! ಚಿಪ್ ಅದೇ, ಬೆಲೆಯೂ ಅದೇ.

ಈ ಹಂಚಿಕೆಗೆ ವೇರ್ ಲೆವೆಲಿಂಗ್ ಎಂದು ಹೆಸರು. ಅಡಿಕೆ ತೋಟಕ್ಕಾಗಿ ಸೊಪ್ಪಿನಬೆಟ್ಟವನ್ನು ಆಶ್ರಯಿಸಿದ ಮಲೆನಾಡಿನ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಮರವನ್ನು ವರ್ಷವರ್ಷವೂ ಬೋಳಿಸಿದರೆ ಅದು ಒಣಗುತ್ತದೆ, ಸರದಿ ಬೇಕು. (ಮರವಾದರೋ ಮತ್ತೆ ಚಿಗುರುತ್ತದೆ, ಬ್ಲಾಕ್ ಚಿಗುರದು.) ಎಂದೂ ಬದಲಾಗದ ಕಡತಗಳು ಕುಳಿತ ಬ್ಲಾಕುಗಳು ಮಾತ್ರ ಹೊಸದಾಗಿಯೇ ಉಳಿದು, ಸವೆತವೆಲ್ಲ ಮಿಕ್ಕವುಗಳ ಮೇಲೆ ಬೀಳುತ್ತದೆ. ಉತ್ತಮ ವ್ಯವಸ್ಥೆಯು ಆ ಕಡತಗಳನ್ನೂ ಆಗಾಗ ಸ್ಥಳಾಂತರಿಸುತ್ತದೆ. ಲಿನಕ್ಸ್‌ನಲ್ಲಿರುವ ಯುಬಿಐ ಎಂಬ ಮುಕ್ತ ತಂತ್ರಾಂಶ ಇದನ್ನೇ ಮಾಡುತ್ತದೆ. ಮೆಮೊರಿ ಕಾರ್ಡುಗಳಲ್ಲಿ ಈ ಕೆಲಸ ಕಾರ್ಡಿನ ಒಳಗೇ ನಡೆಯುತ್ತದೆ.

ಹಂಚಿಕೆಯೊಂದೇ ಸಾಲದು, ಬರೆಯುವುದೂ ಮಿತವಾಗಬೇಕು. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿಯು ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅವುಗಳ ಪರದೆಯನ್ನು ನಡೆಸುವ 8 ಜಿಬಿ ಚಿಪ್ ಬರೆದು ಬರೆದು ಸವೆಯುತ್ತಿತ್ತು. ಮಳೆಯ ಅಂಕಿಗಳನ್ನು ತಾತ್ಕಾಲಿಕ ಸ್ಮೃತಿಯಲ್ಲಿ ಕೂಡಿಟ್ಟು ಗಂಟೆಗೊಮ್ಮೆ ಬರೆದರೆ ಸವೆತ ಕಾಲುಭಾಗಕ್ಕೆ ಇಳಿದೀತು. ಆದರೆ ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಯಾವ ಗಳಿಗೆಯಲ್ಲಿ ಹೋಗುವುದೋ ಹೇಳಲಾಗದು. ಆ ಒಂದು ಗಂಟೆಯ ಅಂಕಿ ಉಳಿಯಲು ಯಂತ್ರದೊಳಗೊಂದು ಸಣ್ಣ ಬ್ಯಾಟರಿ ಇರಲೇಬೇಕು.

ಪಂಚಾಯಿತಿಗಳೂ ಸಹಕಾರ ಸಂಘಗಳೂ ಇಂತಹ ಯಂತ್ರ ಕೊಳ್ಳುವಾಗ ಖಾತರಿಯ ವರ್ಷಗಳನ್ನು ಮಾತ್ರ ಕೇಳಿದರೆ ಸಾಲದು. ಚಿಪ್ ತಾಳುವ ಅಳಿಸುವಿಕೆ ಎಷ್ಟು, ತಂತ್ರಾಂಶ ದಿನಕ್ಕೆ ಎಷ್ಟು ಬರೆಯುತ್ತದೆ ಎಂಬೆರಡು ಅಂಕಿಗಳನ್ನು ಖರೀದಿಯ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಭಾಗಾಕಾರವನ್ನು ಊರಿನ ಶಾಲೆಯ ಮಕ್ಕಳೇ ಮಾಡಬಲ್ಲರು.