ನಾಸಿಕವೋ, ಬೆಂಗಳೂರೋ?

ಕೋಟೆ ವಿಭಾಗದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರೊಬ್ಬರು ಕಳೆದ ವಾರ ಪತ್ರ ಬರೆದಿದ್ದಾರೆ. ಅವರ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿದ್ದಾಳೆ. ಡಾಕ್ಟರಾಗಬೇಕೆಂಬುದು ಅವಳ ಹಟ. ಇಲ್ಲಿಯೇ ಹನ್ನೊಂದನೆಯ ತರಗತಿಗೆ ಸೇರಿಸಿ ನಾಸಿಕದ ವಿದ್ಯಾಪೀಠವನ್ನು ನಂಬುವುದೋ, ಊರಿಗೆ ಕಳುಹಿಸಿ ಪಿಯುಸಿ ಓದಿಸಿ ಬೆಂಗಳೂರಿನ ವಿಶ್ವವಿದ್ಯಾನಿಲಯವನ್ನು ನಂಬುವುದೋ, ಎರಡರಲ್ಲಿ ಯಾವುದು ಮೇಲು ಎಂದು ಅವರು ಕೇಳಿದ್ದಾರೆ. ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿ ಹೋಟೆಲಿನ ಗಲ್ಲೆಯ ಮೇಲೆ ಲೆಕ್ಕ ಕಲಿತ ನಮಗೆ ಇಂತಹ ಪ್ರಶ್ನೆ ಬರುವುದು ವಿನೋದವೇ ಸರಿ. ಆದರೆ ಇದೇ ಪ್ರಶ್ನೆಯನ್ನು ಹಲವರ ಬಾಯಿಂದ ಕೇಳಿದ್ದೇವೆ. ಕೇಳಿದವರಲ್ಲಿ ಕೆಲವರು ಕೈಸುಟ್ಟುಕೊಂಡದ್ದನ್ನೂ ಕಂಡಿದ್ದೇವೆ. ಆದುದರಿಂದ ಬರೆಯುತ್ತೇವೆ.

ಮೇಲು ಕೀಳಿನ ಮಾತನ್ನು ಮೊದಲು ಮುಗಿಸಿಬಿಡೋಣ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಹುಟ್ಟಿತು. ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿದ್ಯಾಪೀಠವು 1998ರಲ್ಲಿ. ತಂತಮ್ಮ ರಾಜ್ಯದ ಸರಕಾರಿ ವೈದ್ಯಕೀಯ ಕಾಲೇಜುಗಳೆಲ್ಲ ಇವುಗಳ ಆಶ್ರಯದಲ್ಲಿವೆ. ಪಠ್ಯಕ್ರಮವನ್ನು ಇಡೀ ದೇಶಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಗೊತ್ತುಪಡಿಸುವುದರಿಂದ, ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಆಸ್ಪತ್ರೆಯ ದುಡಿಮೆ ಎರಡು ಕಡೆಯಲ್ಲೂ ಒಂದೇ. ವಿಶ್ವವಿದ್ಯಾನಿಲಯದ ಹೆಸರೆಂಬುದು ಹೋಟೆಲಿನ ಬೋರ್ಡು. ಅಡುಗೆ ಬೇಯುವುದು ಒಳಗೆ, ಕಾಲೇಜಿಗೆ ಅಂಟಿಕೊಂಡ ಆಸ್ಪತ್ರೆಯ ವಾರ್ಡಿನಲ್ಲಿ. ರೋಗಿಗಳು ತುಂಬಿ ತುಳುಕುವ ಆಸ್ಪತ್ರೆಯಲ್ಲಿ ಕಲಿತ ಹುಡುಗನ ಕೈ ಪಳಗುತ್ತದೆ. ಮುಂಬಯಿಯ ಜೆ.ಜೆ., ಕೆ.ಇ.ಎಂ., ನಾಯರ್, ಸಯನ್ ಆಸ್ಪತ್ರೆಗಳ ಮುಂದಿನ ಸಾಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಿಜವಾದ ತೊಡಕು ಬೇರೆ ಇದೆ. ಪ್ರವೇಶಪರೀಕ್ಷೆಯಾದ ನೀಟ್ ದೇಶಕ್ಕೆಲ್ಲ ಒಂದೇ. 2025ರಲ್ಲಿ 22 ಲಕ್ಷಕ್ಕೂ ಮಿಕ್ಕಿದ ಮಕ್ಕಳು ಬರೆದರು. ಆದರೆ ರಾಜ್ಯ ಸರಕಾರಿ ಕಾಲೇಜುಗಳ ಸ್ಥಾನಗಳಲ್ಲಿ ಶೇಕಡಾ 15 ಮಾತ್ರ ಎಲ್ಲರಿಗೂ ತೆರೆದದ್ದು. ಉಳಿದ ಶೇಕಡಾ 85 ಆಯಾ ರಾಜ್ಯದವರಿಗೆ. ನಾವು ಯಾವ ರಾಜ್ಯದವರು? ಕನ್ನಡ ಸಂಘದ ವೇದಿಕೆಯಲ್ಲಿ ಈ ಪ್ರಶ್ನೆಗೆ ಸುಲಭವಾಗಿ ಉತ್ತರ ಸಿಗುತ್ತದೆ, ಪ್ರವೇಶದ ಕಚೇರಿಯಲ್ಲಿ ಸಿಗುವುದಿಲ್ಲ. ಮಹಾರಾಷ್ಟ್ರದ ಪಾಲು ಬೇಕೆಂದರೆ ಸಾಮಾನ್ಯವಾಗಿ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮಹಾರಾಷ್ಟ್ರದಲ್ಲಿಯೇ ಪಾಸು ಮಾಡಿರಬೇಕು, ಜತೆಗೆ ಡೊಮಿಸೈಲ್ ಪತ್ರವಿರಬೇಕು. ಕರ್ನಾಟಕದ ಪಾಲು ಬೇಕೆಂದರೆ ಮಗು ಅಲ್ಲಿ ಏಳು ವರ್ಷ ಓದಿರಬೇಕು. ಇಲ್ಲವೇ ಪಿಯುಸಿಯ ಎರಡು ವರ್ಷ ಅಲ್ಲಿ ಓದಿ, ತಂದೆತಾಯಿಗಳಲ್ಲಿ ಒಬ್ಬರಾದರೂ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು.

ಇನ್ನು ನಮ್ಮವರ ರೂಢಿಯನ್ನು ನೋಡಿರಿ. ಹತ್ತನೆಯದು ಮುಗಿದೊಡನೆ, ದಕ್ಷಿಣ ಕನ್ನಡದ ಕಾಲೇಜುಗಳಲ್ಲಿ ಪಾಠ ಚೆನ್ನಾಗಿದೆಯೆಂದು, ಚಾಳಿನ ಒಂದು ಕೋಣೆಯಲ್ಲಿ ಓದಲು ಸ್ಥಳವಿಲ್ಲವೆಂದು, ಮಗುವನ್ನು ಊರಿಗೆ ಕಳುಹಿಸುತ್ತಾರೆ. ಕಾರಣ ಒಳ್ಳೆಯದೇ. ಆದರೆ ಬಸ್ಸು ಹತ್ತಿಸಿದ ಆ ರಾತ್ರಿಯೇ ಮಹಾರಾಷ್ಟ್ರದ ಶೇಕಡಾ 85ರ ಬಾಗಿಲು ಮುಚ್ಚಿಹೋಯಿತೆಂಬುದು ಎಷ್ಟು ಜನ ತಂದೆಯರಿಗೆ ಗೊತ್ತು?

ನಮ್ಮ ಹೋಟೆಲಿನಲ್ಲಿ ಹದಿನೆಂಟು ವರ್ಷ ದೋಸೆಯ ಕಾವಲಿಯ ಮುಂದೆ ನಿಂತಿದ್ದ ಭಟ್ಟರೊಬ್ಬರು ಹೀಗೆಯೇ ಮಗನನ್ನು ಅವನ ಸೋದರಮಾವನ ಮನೆಗೆ ಕಳುಹಿಸಿದ್ದರು. ಹುಡುಗ ಜಾಣ, ನೀಟಿನಲ್ಲಿ ಒಳ್ಳೆಯ ಅಂಕ ಬಂತು. ಇಲ್ಲಿ ಕೇಳಿದರೆ ಹನ್ನೆರಡನೆಯದು ಇಲ್ಲಿಯದಲ್ಲ ಎಂದರು. ಅಲ್ಲಿ ತಂದೆಯ ಏಳು ವರ್ಷದ ವ್ಯಾಸಂಗಪತ್ರ ತನ್ನಿ ಎಂದರು. ಭಟ್ಟರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಮುಂಬಯಿಗೆ ಲೋಟ ತೊಳೆಯಲು ಬಂದವರು. ಕಾಗದಗಳ ಕಟ್ಟನ್ನು ನಮ್ಮ ಕಚೇರಿಯ ಮೇಜಿನ ಮೇಲಿಟ್ಟು ಅವರು ಸುಮ್ಮನೆ ಕುಳಿತರು. ನಾವೂ ಸುಮ್ಮನಿದ್ದೆವು. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಕೇಳಿದರು: "ನಾನು ಏಳನೇದು ಪಾಸು. ಅದು ಆಗ್ತದಾ ರಾಯರೇ?"

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಗಂಡನೂ ಕೇಳಿರಲಿಲ್ಲ, ಪತ್ರಿಕೆ ನಡೆಸುವ ನಾವೂ ಕೇಳಿರಲಿಲ್ಲ. ದಾಖಲೆ ತೋರಿಸಲು ಕೆಲವೇ ದಿನ ಉಳಿದಿದ್ದವು. ಆಕೆ ಅಂದು ರಾತ್ರಿಯೇ ಊರಿಗೆ ಹೊರಟು, ತಾವು ಓದಿದ ಶಾಲೆಯ ಹಳೆಯ ದಾಖಲೆ ಪುಸ್ತಕದಿಂದ ತಮ್ಮ ಹೆಸರನ್ನು ಹುಡುಕಿಸಿ, ಮುಖ್ಯೋಪಾಧ್ಯಾಯರ ಸಹಿಯನ್ನೂ ಶಿಕ್ಷಣಾಧಿಕಾರಿಗಳ ಸಹಿಯನ್ನೂ ಹಾಕಿಸಿಕೊಂಡು ಬೆಂಗಳೂರಿಗೆ ಹೋದರು. ಹುಡುಗ ಈಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ.

ಎಲ್ಲರ ಮನೆಯಲ್ಲೂ ಇಂತಹ ಏಳನೆಯ ತರಗತಿ ಇರುವುದಿಲ್ಲ. ತಂದೆತಾಯಿಗಳಿಬ್ಬರೂ ಮುಂಬಯಿಯಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿಯೇ ಕಲಿತವರಾದರೆ, ಪಿಯುಸಿಗೆಂದು ಮಗುವನ್ನು ಊರಿಗೆ ಅಟ್ಟುವುದು ಇದ್ದ ಹಕ್ಕನ್ನು ಬಿಟ್ಟು ಇಲ್ಲದ ಹಕ್ಕಿನ ಬೆನ್ನು ಹತ್ತಿದಂತೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಬೇರೆ ಅವಕಾಶ ಉಂಟು. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಕನ್ನಡವನ್ನು ಆಡಿಯೂ ಅಕ್ಷರ ಕಲಿಸದ ತಂದೆಯರು ಆ ಹೊತ್ತಿಗೆ ಯಾರ ಮುಖ ನೋಡುತ್ತಾರೆ?

ಪತ್ರ ಬರೆದ ಮಹನೀಯರಿಗೆ ನಮ್ಮ ಅಭಿಪ್ರಾಯ ಇದು. ಮಗಳು ಹತ್ತನೆಯದನ್ನು ಇಲ್ಲಿ ಮುಗಿಸಿದ್ದಾಳೆ. ಹನ್ನೆರಡನೆಯದನ್ನೂ ಇಲ್ಲಿಯೇ ಮುಗಿಸಲಿ. ಮರಾಠಿ ಅವಳಿಗೆ ಬರುತ್ತದೆ, ರೋಗಿಯ ನೋವನ್ನು ಅವನ ಮಾತಿನಲ್ಲಿಯೇ ಕೇಳಬಲ್ಲಳು. ಮುಂಬಯಿಯ ಕಾಲೇಜುಗಳಿಗೆ ಬಹಳ ಹೆಚ್ಚಿನ ಅಂಕ ಬೇಕೆಂಬುದನ್ನು ಮಾತ್ರ ಮರೆಯಬಾರದು. ಮಹಾರಾಷ್ಟ್ರದ ಪೂರ್ವದ ತುದಿಯಾದ ಗೋಂದಿಯಾದಲ್ಲಿ ಸ್ಥಾನ ಸಿಕ್ಕರೆ ಅದು ಹುಬ್ಬಳ್ಳಿಗಿಂತ ದೂರ. ಮನೆಯ ಊಟದ ಆಸೆಯಿಂದ ನಾಸಿಕವನ್ನು ಆರಿಸಿದವರು ಇದನ್ನು ನಕ್ಷೆಯಲ್ಲಿ ನೋಡಿಕೊಳ್ಳಲಿ. ಓದು ಮುಗಿದ ಮೇಲೆ ಒಂದು ವರ್ಷ ಸರಕಾರಿ ಸೇವೆ ಮಾಡುವ ಕರಾರೂ ಇಲ್ಲಿ ಉಂಟು, ತಪ್ಪಿದರೆ 10 ಲಕ್ಷ ರೂಪಾಯಿ ದಂಡ. ಮುಂದಿನ ಓದಿನ ಮಾತೂ ಇದೆ. ಸ್ನಾತಕೋತ್ತರ ವೈದ್ಯಕೀಯ ಸ್ಥಾನಗಳಲ್ಲಿ ವಾಸಸ್ಥಳದ ಮೇಲಿನ ಮೀಸಲಾತಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ತೀರ್ಪಿತ್ತರೂ, ಕಲಿತ ಸಂಸ್ಥೆಯನ್ನು ನೋಡಿ ಒಂದು ಮಿತಿಯೊಳಗೆ ಆದ್ಯತೆ ಕೊಡಬಹುದೆಂದಿದೆ. ಆದುದರಿಂದ ಈಗ ಸೇರುವ ಕಾಲೇಜು ಆರು ವರ್ಷದ ಬಳಿಕವೂ ಲೆಕ್ಕಕ್ಕೆ ಬರುತ್ತದೆ.

ಊರಿಗೆ ಕಳುಹಿಸಲೇಬೇಕೆಂಬ ಮನಸ್ಸಿದ್ದರೆ, ಕಾಲೇಜಿಗೆ ಹಣ ಕಟ್ಟುವ ಮುನ್ನ ಎರಡು ರಾಜ್ಯಗಳ ಆ ವರ್ಷದ ನಿಯಮಪುಸ್ತಕಗಳನ್ನು ತರಿಸಿ, ಇಂಗ್ಲಿಷ್ ಬಲ್ಲವರಿಂದ ಓದಿಸಿಕೊಳ್ಳಿರಿ. ನಿಯಮಗಳು ವರ್ಷ ವರ್ಷವೂ ಬದಲಾಗಬಹುದು. ತಾವೂ ತಮ್ಮ ಮನೆಯವರೂ ಯಾವ ಊರಿನ ಶಾಲೆಯಲ್ಲಿ ಎಷ್ಟನೆಯ ತರಗತಿಯವರೆಗೆ ಓದಿದ್ದೆಂದು ತಾವು ಪತ್ರದಲ್ಲಿ ಬರೆದಿಲ್ಲ. ಅದನ್ನು ತಿಳಿಸಿದರೆ ಮುಂದಿನ ಮಾತು ಆಡಬಹುದು. ಸಂಜೆ ಐದರ ಮೇಲೆ ನಾವು ಕಚೇರಿಯಲ್ಲಿಯೇ ಇರುತ್ತೇವೆ.