ಪ್ರವಾಸದ ಚೀಲದಲ್ಲಿ ಒಂದು ನೋಟ್‌ಬುಕ್



ರಜೆ ಬಂತೆಂದರೆ ಚೀಲ ತುಂಬುವ ಕೆಲಸ ನಮ್ಮದೇ ಅಲ್ಲವೆ? ಮಕ್ಕಳ ಬಟ್ಟೆ, ಯಜಮಾನರ ಮಾತ್ರೆ, ಅತ್ತೆಯವರ ಶಾಲು, ದಾರಿಗೆ ರೊಟ್ಟಿ-ಚಟ್ನಿಪುಡಿ, ಎಲ್ಲವೂ ಪಟ್ಟಿಯ ಪ್ರಕಾರ ಒಳಗೆ ಸೇರುತ್ತವೆ. ಆ ಪಟ್ಟಿಯ ಕೊನೆಗೆ ಈ ಸಲ ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಒಂದು ಪೆನ್ನನ್ನೂ ಬರೆದುಕೊಳ್ಳಿ. ಅವೆರಡು ಮಾತ್ರ ನಿಮ್ಮ ಸ್ವಂತಕ್ಕೆ.

"ಅಯ್ಯೋ, ಮೊಬೈಲಿನಲ್ಲಿ ಫೋಟೋ ತೆಗೀತೀವಲ್ಲ, ಬರೆಯೋದ್ಯಾಕೆ?" ಅಂತೀರಿ. ಫೋಟೋ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕು ವರ್ಷ ಬಿಟ್ಟು ನೋಡಿ: ಗೋಡೆ ಇರುತ್ತದೆ, ಗೋಡೆಯ ಮುಂದೆ ಮನೆಮಂದಿ ನಿಂತಿರುತ್ತಾರೆ. ಅಂದು ಯಾರು ಏನೆಂದರು, ಎಲೆಗೆ ಏನು ಬಡಿಸಿದರು, ನಿಮಗೆ ಏನನ್ನಿಸಿತು, ಇದಾವುದೂ ಅದರಲ್ಲಿ ಇರುವುದಿಲ್ಲ. ಎಷ್ಟೋ ಸಲ ಫೋಟೋ ತೆಗೆದವಳೇ ಅದರಲ್ಲಿ ಇರುವುದಿಲ್ಲ!

ಕಲಬುರಗಿ–ಬೀದರ ರೈಲುಮಾರ್ಗ 2017ರಲ್ಲಿ ತೆರೆಯಿತು. ಬೀದರಿನ ಕಡೆ ಹೊರಟ ಸೋದರಿಯರು ಒಂದು ಕಥೆ ತಿಳಿದಿರಬೇಕು. ಸುಮಾರು 1470ರಲ್ಲಿ ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಬೀದರಿಗೆ ಬಂದ. ಆಗ ಅದು ಬಹಮನಿ ಸುಲ್ತಾನರ ರಾಜಧಾನಿ, ಮಹಮೂದ್ ಗವಾನನ ಕಾಲ. ತಂದಿದ್ದ ಕುದುರೆಯನ್ನು ಬೀದರಿನಲ್ಲಿ ಮಾರಿದ. ಜೊತೆಗೆ ಕಂಡದ್ದನ್ನೆಲ್ಲ ಬರೆದಿಟ್ಟ. ಅರಮನೆಗೆ ಏಳು ಬಾಗಿಲು, ಬಂದುಹೋಗುವವರನ್ನು ಬರೆದುಕೊಳ್ಳಲು ಅಲ್ಲಿ ಗುಮಾಸ್ತರು. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ನೀರು, ಕೆಸರು. ಇಲ್ಲಿನ ಜನ ಬಲಗೈಯಲ್ಲಿ ಉಣ್ಣುತ್ತಾರೆ, ಚಮಚ ಮುಟ್ಟುವುದಿಲ್ಲ, ಪ್ರಯಾಣದಲ್ಲಿ ತಮ್ಮ ತಮ್ಮ ಗಡಿಗೆಯಲ್ಲೇ ಬೇಯಿಸಿಕೊಳ್ಳುತ್ತಾರೆ, ಇಂಥ ಅಡುಗೆಮನೆಯ ಸಂಗತಿಯನ್ನೂ ಬಿಡಲಿಲ್ಲ. ಸ್ನೇಹಿತರಾದ ಇಲ್ಲಿನವರ ಜೊತೆ ಶಿವರಾತ್ರಿಗೆ ಶ್ರೀಪರ್ವತಕ್ಕೂ ಹೋಗಿಬಂದ.

ಪಾಪ, ಅವನು ತನ್ನ ಊರು ಸೇರಲಿಲ್ಲ. ಸ್ಮೊಲೆನ್ಸ್ಕ್ ಬಳಿ ದಾರಿಯಲ್ಲೇ ತೀರಿಕೊಂಡ. ಹಾಳೆಗಳು ಮಾತ್ರ ಮಾಸ್ಕೋ ಸೇರಿದವು. ಅವನ ವ್ಯಾಪಾರದ ಲೆಕ್ಕ ಇಂದು ಯಾರಿಗೂ ಬೇಕಿಲ್ಲ, ಬರೆದದ್ದನ್ನು ಐನೂರೈವತ್ತು ವರ್ಷದ ಮೇಲೂ ಓದುತ್ತಿದ್ದಾರೆ. ನರ್ಗೀಸ್ ಅಭಿನಯಿಸಿದ 1957ರ 'ಪರದೇಸಿ' ಚಿತ್ರ ಇವನ ಕಥೆಯೇ.

ಇನ್ನು ನಿಮ್ಮ ಪುಟಕ್ಕೆ ಬರೋಣ. ಕೋಟೆ ನೋಡಿದಿರಿ, 1472ರಲ್ಲಿ ಕಟ್ಟಿಸಿದ ಗವಾನನ ಮದ್ರಸಾ ನೋಡಿದಿರಿ. ಇವುಗಳ ಇತಿಹಾಸ ಪುಸ್ತಕದಲ್ಲಿ ಸಿಗುತ್ತದೆ, ನಕಲು ಮಾಡುತ್ತ ಕೂರಬೇಡಿ. ಬಿದರಿ ಕೆಲಸದವರ ಬಳಿ ಅರ್ಧ ಗಂಟೆ ಕೂತು ಕಂಡದ್ದನ್ನು ಬರೆಯಿರಿ. ಸತು-ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಲ್ಲಿ ಹಾಕುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆಗ ನಿಮ್ಮ ಮಗಳು ಏನು ಕೇಳಿದಳು? ಅದನ್ನು ಬರೆಯಿರಿ.

ಭಾಲ್ಕಿಗೆ ಹೋದರೆ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ (1890–1999) ಹೆಸರು ಕೇಳದೆ ಬರಲಾರಿರಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. 1948ಕ್ಕೆ ಮೊದಲು ಅಕ್ಷರ ತಿದ್ದಿದ ಮಕ್ಕಳು ಈಗ ಎಂಬತ್ತು ದಾಟಿದ ಅಜ್ಜ-ಅಜ್ಜಿಯರು. ನಿಮ್ಮ ನೆಂಟರಲ್ಲೇ ಅಂಥವರಿದ್ದರೆ ಕಾಲಿಗೆ ನಮಸ್ಕರಿಸಿ ಪಕ್ಕದಲ್ಲಿ ಕುಳಿತುಬಿಡಿ. "ನೀವು ಸಾಲಿಗಿ ಹೋಗೋದು ಹ್ಯಾಂಗಿತ್ತು?" ಅಂತ ಒಂದು ಮಾತು ಕೇಳಿ ಸುಮ್ಮನಿರಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಮುಂದಿನ ರಜೆಗೆ ಅಂದುಕೊಂಡರೆ ಆ ಮಾತು ಹೇಳುವವರು ಇರುತ್ತಾರೋ ಇಲ್ಲವೋ!

ಔರಾದ್ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಅಂಟಿಕೊಂಡ ಗಡಿ. ಅಮರೇಶ್ವರನ ದರ್ಶನ ಮುಗಿಸಿ ಬಜಾರಿಗೆ ಬಂದರೆ ಕನ್ನಡದ ಜೊತೆ ಮರಾಠಿ, ತೆಲುಗು, ಉರ್ದು ಕಿವಿಗೆ ಬೀಳುತ್ತವೆ. "ಎಲ್ಲಿಂದ ಬಂದೀರಿ ಯಕ್ಕಾ? ಏನ್ ಬರೀಲತ್ತೀರಿ?" ಎಂದು ಯಾರಾದರೂ ಕೇಳಿಯಾರು. ಅಲ್ಲಿಂದಲೇ ಪರಿಚಯವಾಗುತ್ತದೆ. ಕೇಳಿದ ಹೊಸ ಪದಗಳಿಗೆ ಒಂದು ಪುಟ ಮೀಸಲಿಡಿ. ನಮ್ಮ ಕಡೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು. ಬೀದರ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿಯೇ ಬೇರೆ: ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿ ಬೇಯಿಸಿದ್ದು. ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಅಡುಗೆ ಬರೆದುಕೊಳ್ಳುವಾಗ ಬಡಿಸಿದವರ ಅಳತೆಯಲ್ಲೇ ಬರೆಯಿರಿ. "ಒಂದು ಹಿಡಿ" ಅಂದರೆ ಅವರ ಕೈ ನೋಡಿಕೊಳ್ಳಿ.

ಬರೆಯುವ ಕ್ರಮ ಸುಲಭ:

1. ಮೊದಲು ದಿನಾಂಕ, ಊರು. ದಾರಿಯಲ್ಲಿ ಪುಸ್ತಕಗಳು ದರೋಡೆಯಾಗಿ, ತನ್ನ ಹಬ್ಬ ಯಾವ ದಿನ ಎಂಬುದೇ ತಿಳಿಯದೆ ನಿಕಿತಿನ್ ಕೊರಗಿದ.

2. ಅದೇ ರಾತ್ರಿ ಹತ್ತು ಸಾಲು. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತದೆ.

3. ದಿನಕ್ಕೊಂದು ಬೆಲೆ: ಬಸ್ ಟಿಕೆಟ್ಟೋ, ಚಹಾವೋ. ಟಿಕೆಟ್ಟನ್ನು ಅಂಟಿಸಿಯೂಬಿಡಿ.

4. ಸೊಳ್ಳೆ ಕಡಿದದ್ದು, ಜಗಳವಾಡಿದ್ದು, ಕಾಲು ನೊಂದದ್ದು ಕೂಡ ಇರಲಿ. ಮುಂದೆ ಓದಿ ನಗುವುದು ಅವನ್ನೇ.

5. ಮಕ್ಕಳಿಗೆ ಕೊನೆಯ ನಾಲ್ಕು ಪುಟ ಕೊಡಿ. ತಪ್ಪು ತಿದ್ದಬೇಡಿ.

"ಇದಕ್ಕೆಲ್ಲ ಪುರುಸೊತ್ತು ಎಲ್ಲಿ?" ಎನ್ನುವವರಿಗೆ ಒಂದು ಮಾತು. ರಜೆಯಲ್ಲೂ ಊಟ ಬಡಿಸಿ, ಹಾಸಿಗೆ ಹಾಸಿ, ಮಕ್ಕಳನ್ನು ಮಲಗಿಸುವುದು ನಮ್ಮ ಪಾಲಿಗೇ ಬರುತ್ತದೆ, ನಿಜ. ಆ ಹದಿನೈದು ನಿಮಿಷ ಮಕ್ಕಳನ್ನು ಯಜಮಾನರೇ ಮಲಗಿಸಲಿ. ನಗುತ್ತಲೇ ಹೇಳಿ ನೋಡಿ, ಬೇಡವೆನ್ನಲಾರರು. ಊರಿಗೆ ಮರಳಿದ ವಾರದಲ್ಲೇ ಆ ಭಜ್ಜಿ ಮಾಡಿ, ಅಳತೆ ಹೆಚ್ಚುಕಡಿಮೆಯಾದರೆ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಉಣಬಡಿಸಿದ ಮನೆಯವರಿಗೆ ನಾಲ್ಕು ಸಾಲಿನ ಕಾಗದ ಹಾಕುವುದನ್ನು ಮರೆಯಬೇಡಿ.

ಸುಖವಾಗಿ ಹೋಗಿಬನ್ನಿ.