ಚಿತ್ರದ ಮಳೆಗೆ ಮನೆಯ ದನಿ

ಈ ಸಲದ ಮಳೆಗಾಲದಲ್ಲಿ ನಾವು ತೀರ್ಥಹಳ್ಳಿಯ ಕಡೆಯ ಬಂಧುಗಳ ಮನೆಗೆ ಹೋಗಿದ್ದೆವು. ಪಟ್ಟಣದಲ್ಲಿ ಚಿತ್ರವಿದ್ಯೆಯನ್ನು ಕಲಿಯುತ್ತಿರುವ ಆ ಮನೆಯ ಹುಡುಗಿಯು ಪರೀಕ್ಷೆಗಾಗಿ ತಾನೇ ಬರೆದ ಮೂರು ನಿಮಿಷಗಳ ಚಲಿಸುವ ಚಿತ್ರವನ್ನು ತಂದಿದ್ದಳು. ಮುದುಕಿಯೊಬ್ಬಳು ಮಳೆಯಲ್ಲಿ ನೆನೆಯುತ್ತಿದ್ದ ಕರುವನ್ನು ಕೊಟ್ಟಿಗೆಗೆ ತಂದು ಕಟ್ಟುವಳು, ಕಥೆ ಇಷ್ಟೆ. ಎಲ್ಲರೂ ಮೆಚ್ಚಿದರು. ಅಜ್ಜಿಯೊಬ್ಬರು ಮಾತ್ರ, “ಮನೆಯೇನೋ ನಮ್ಮದೇ ಮಗಾ, ಮಳೆ ಯಾರದೋ!” ಎಂದರು. ಹುಡುಗಿಯ ಮುಖ ಬಾಡಿತು. ಮಳೆಯ ಸದ್ದನ್ನು ಅವಳು ಎಲ್ಲಿಯೋ ಸಿದ್ಧವಾಗಿ ದೊರೆತುದರಿಂದ ತೆಗೆದುಕೊಂಡಿದ್ದಳು. ಚಿತ್ರವನ್ನು ಒಪ್ಪಿಸಲು ಹತ್ತೇ ದಿನಗಳು ಉಳಿದಿದ್ದುವು.

ಬರೆದ ಚಿತ್ರಕ್ಕೆ ಹುಟ್ಟುದನಿಯೆಂಬುದಿಲ್ಲ. ಒಂದು ಕ್ಷಣಕ್ಕೆ 24 ಚೌಕಟ್ಟುಗಳು ಓಡುವುವು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ನಿಲ್ಲಿಸಿದರೂ ಮೂರು ನಿಮಿಷಕ್ಕೆ 2160 ಚಿತ್ರಗಳು ಬೇಕು. ಇಷ್ಟು ಬರೆದ ಮೇಲೂ ಒಂದು ಹೆಜ್ಜೆಯ ಸಪ್ಪಳವಾದರೂ ತಾನಾಗಿ ಬಾರದು. ಪ್ರತಿಯೊಂದನ್ನೂ ಆರಿಸಿ ಕೂಡಿಸಬೇಕು. 1928ರಲ್ಲಿ ವಾಲ್ಟ್ ಡಿಸ್ನಿಯವರ ‘ಸ್ಟೀಮ್‌ಬೋಟ್ ವಿಲ್ಲಿ’ಯು ಜನರನ್ನು ಬೆರಗುಗೊಳಿಸಿದುದು, ಇಲಿಯ ಕುಣಿತಕ್ಕೂ ವಾದ್ಯದ ಪೆಟ್ಟಿಗೂ ತಾಳ ತಪ್ಪದಂತೆ ಹೊಂದಿಸಿದ್ದರಿಂದಲೇ.

ನಗರದ ಸೀಮೆಯವರಿಗೆ ಇದು ಹೊಸ ಪಾಠವೇನಲ್ಲ. ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯಲ್ಲಿ ಭಾಗವತರ ಕಂಠ, ಮದ್ದಳೆ, ಅರ್ಥಧಾರಿಗಳ ಮಾತು, ಇವುಗಳಿಂದಲೇ ಕುರುಕ್ಷೇತ್ರವು ಕಣ್ಣಿಗೆ ಕಟ್ಟುವುದು. ಈ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಬಿ. ವಿ. ಕಾರಂತರು ಮಾಡಿದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಕಿವಿಯ ಸಂಸ್ಕಾರ ಇಲ್ಲಿ ಮೊದಲಿನಿಂದಲೂ ಉಂಟು.

ಹುಡುಗಿಯು ಅಜ್ಜಿಯನ್ನು ಮುಂದೆ ಕೂರಿಸಿಕೊಂಡು ಪಟ್ಟಿ ಮಾಡಿದಳು: ಸ್ಥಳದ ಸದ್ದು, ಕೆಲಸದ ಸದ್ದು, ಸಂಗೀತ ಎಂದು ಮೂರು ಭಾಗ. ಹೆಂಚಿನ ಮೇಲಿನ ಮಳೆ ಬೇರೆ, ಅಡಕೆ ತೋಟದ ಮಳೆ ಬೇರೆ, ತಲೆಯ ಮೇಲಿನ ಗೊರಬಿಗೆ ಬಡಿಯುವ ಮಳೆಯೇ ಬೇರೆ ಎಂದು ಅಜ್ಜಿ ವಿವರಿಸಿದರು. ಜಡಿಮಳೆಯನ್ನು ಮೊಬೈಲಿನಲ್ಲಿ ಹಿಡಿದರೆ ಹಪ್ಪಳ ಕರಿದಂತೆ ಕೇಳಿತು! ಆದುದರಿಂದ ಸೂರಂಚಿನ ಹನಿಗಳು ತಾಮ್ರದ ಕೊಡಕ್ಕೆ ಬೀಳುವ ಸದ್ದನ್ನು ಹತ್ತಿರದಿಂದ ಹಿಡಿದು ಅದಕ್ಕೆ ಬೆರೆಸಿದಳು. ಕೆಸರಿನ ಹೆಜ್ಜೆಗೆ ಒದ್ದೆಬಟ್ಟೆಯನ್ನು ಹಿಂಡಿದುದಾಯಿತು. ಒಲೆಯ ಚಟಪಟಕ್ಕೆ ಒಣಗಿದ ಅಡಕೆಹಾಳೆಯನ್ನು ಮುರಿದುದಾಯಿತು. ಗಾಳಿ ಹೊಡೆಯದಂತೆ ಮೊಬೈಲಿಗೆ ಉಣ್ಣೆಯ ಬಟ್ಟೆಯನ್ನು ಸುತ್ತಿದಳು.

ಮೊದಮೊದಲು ಅವಳು ಎಲ್ಲ ಸದ್ದನ್ನೂ ಒಟ್ಟಿಗೆ ತುಂಬಿದಳು, ಸಂತೆಯಾಯಿತು. ಆಮೇಲೆ ಒಂದೊಂದಾಗಿ ತೆಗೆದಳು. ಮುದುಕಿ ಕರುವಿನ ಕೊರಳನ್ನು ಮುಟ್ಟುವಾಗ ಮಳೆಯನ್ನು ತಗ್ಗಿಸಿ, ಉಸಿರನ್ನೂ ಗಂಟೆಯನ್ನೂ ಮಾತ್ರ ಉಳಿಸಿದಳು. ಸಂಗೀತ ಬೇಡವೇ ಬೇಡವೆಂದು ತೋರಿತು. ಗಂಟೆಯ ಪೆಟ್ಟು ಕೊರಳಿನ ಅಲುಗಾಟಕ್ಕಿಂತ ಕೆಲವೇ ಚೌಕಟ್ಟು ಮುಂಚೆ ಬಂದರೂ ಕಣ್ಣಿಗೂ ಕಿವಿಗೂ ಜಗಳವಾಗುವುದನ್ನು ನಾವೂ ಅಂದು ಕಂಡೆವು.

ಕೊನೆಗೆ ಅಜ್ಜಿ ಕಣ್ಣು ಮುಚ್ಚಿ ಕೇಳಿದರು. “ಮಳೆ ಸರಿಯಾಯಿತು. ಆದರೆ ಕರುವಿಗೆ ಇಷ್ಟು ದೊಡ್ಡ ಗಂಟೆಯೆ?” ಎಂದು, ತಾವೇ ಹೇಳಿ ಅಟ್ಟದಿಂದ ಚಿಕ್ಕದೊಂದನ್ನು ತರಿಸಿದರು. ನೋಡಿಕೊಳ್ಳುವವರಿಲ್ಲದೆ ದನಗಳನ್ನು ಕೊಟ್ಟು ಆ ಕೊಟ್ಟಿಗೆ ಬರಿದಾಗಿ ಕೆಲವು ವರ್ಷಗಳಾಗಿದ್ದುವು. ಗಂಟೆಗೆ ಧೂಳು ಹಿಡಿದಿತ್ತು. ಅಜ್ಜಿ ಸೆರಗಿನಿಂದ ಒರೆಸಿ ತಾವೇ ಅಲುಗಿಸಿದರು, ಹುಡುಗಿ ಹಿಡಿದುಕೊಂಡಳು. ಚಿತ್ರದಲ್ಲಿ ಈಗ ಕೇಳುವುದು ಅದೇ.

ಮನೆಯ ಭಾವಚಿತ್ರಗಳನ್ನು ನಾವೆಲ್ಲರೂ ಜೋಪಾನಮಾಡುವೆವು. ಬಾವಿಯ ರಾಟೆ, ಒರಳು, ಹಿರಿಯರ ಕೆಮ್ಮು, ಇವುಗಳ ದನಿಯನ್ನು ಯಾರು ತೆಗೆದಿಟ್ಟಿರುವರು? ಮಕ್ಕಳು ಮೊಬೈಲನ್ನು ಹಿಡಿದು ಬಂದು, “ಸ್ವಲ್ಪ ಸುಮ್ಮನಿರಿ” ಎಂದರೆ ಸಿಡುಕದೆ ಸುಮ್ಮನಿದ್ದುಬಿಡೋಣ.